ಮುಚ್ಚಿದ ಮನೆಯ ಗುರುತು

ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ಮರೆತದ್ದಲ್ಲ, ತಿಳಿಯದೆ ಬಿಟ್ಟದ್ದೂ ಅಲ್ಲ. ನನ್ನ ತಮ್ಮ ಎದುರಿಗೇ ಕೂತು, ಕೈಯಲ್ಲಿ ಪೆನ್ನು ಹಿಡಿದು, "ಯಕ್ಕಾ, ಏನರ ತಪ್ಪು ಕಂಡ್ರ ಹೇಳು" ಎಂದು ಕೇಳಿದ. ನನಗೆ ತಪ್ಪು ಕಂಡಿತ್ತು. "ಎಲ್ಲಾ ಸರಿ ಐತಿ" ಎಂದೆ. ಹಾಗೆ ಹೇಳುವಾಗ ನನ್ನ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಸೇಡು ಹೀಗೆ ಕೂತಲ್ಲೇ ಕೈಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಸೇಡು ಯಾತರದ್ದು ಎಂದು ಮೊದಲು ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮಹಿಳಾ ಸಂಘದ ಠರಾವು ಪುಸ್ತಕ ಬರೆಯುವ ಕೆಲಸ ನನ್ನ ಮೇಲೆ ಬಿದ್ದದ್ದರಿಂದ ಅಕ್ಷರ ಕೈಬಿಟ್ಟು ಹೋಗಿಲ್ಲ. ಅಷ್ಟರಲ್ಲೇ ಬರೆಯುತ್ತೇನೆ.

ನಮ್ಮೂರು ಗಂಗಾವತಿ ತಾಲೂಕಿನಲ್ಲಿದೆ. ಊರ ಹಿಂದೆ ಬರೀ ಬಂಡೆಗಳ ಗುಡ್ಡ. ಅದರ ನೆತ್ತಿಯಲ್ಲಿ ಹಾಸುಗಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಗಿಡ್ಡ ಗಿಡ್ಡ ಕಲ್ಲಿನ ಮನೆಗಳಿವೆ. ನಾವು ಅವನ್ನು ಮೋರೇರ ಮನೆ ಎನ್ನುತ್ತೇವೆ. ಓದಿದವರು ಅವು ಮನೆಗಳಲ್ಲ, ಬಹಳ ಹಿಂದಿನ ಕಾಲದವರ ಸಮಾಧಿಗಳು ಎನ್ನುತ್ತಾರೆ. ನಮ್ಮ ಅಪ್ಪ ಆ ಗುಡ್ಡದಲ್ಲಿ ಆಡು ಕಾಯುತ್ತಿದ್ದ. ಅಲ್ಲಿನ ಒಂದೊಂದು ಕಲ್ಲಿಗೂ ಅವನ ಬಾಯಲ್ಲಿ ಹೆಸರಿತ್ತು. ಆ ಹೆಸರುಗಳನ್ನು ಅವನು ನನಗೆ ಕಲಿಸಿದ, ಯಾಕೆಂದರೆ ಆಡಿನ ಹಿಂದೆ ಅವನ ಜೊತೆ ಹೋಗುತ್ತಿದ್ದವಳು ನಾನು.

ಗುಡ್ಡದಲ್ಲಿ ಆಡು ಕಾಯುತ್ತಿದ್ದ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಂದು ಹೆಸರಿಗೂ ಎರಡು ಗುರುತು. ಒಂದು ಮನೆಯ ಗುರುತು, ಅದು ಖರೆ. ಇನ್ನೊಂದು ಮಂದಿಯ ಗುರುತು, ಅದು ಸುಳ್ಳು. ನಿಧಿ ತೆಗೆಯುವವರು ಊರೂರು ತಿರುಗಿ ಅಂಥ ಕಲ್ಲು ಎಲ್ಲಿ, ಇಂಥ ಕಲ್ಲು ಎಲ್ಲಿ ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎಂದರೆ ಅವರಿಗೆ ಸಂಶಯ ಬಂದು ಇನ್ನೂ ಹುಡುಕುತ್ತಾರೆ. ಅದಕ್ಕೆ ಮರ್ಯಾದೆಯಿಂದ ಬೇರೆ ಜಾಗ ತೋರಿಸಿ ಕಳಿಸುವುದು. ಅಪ್ಪ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಹೋದವರು ತಿರುಗಿ ಬಂದು ಅವನಿಗೆ ಬೀಡಿ ಕೊಟ್ಟು ಹೋಗುತ್ತಿದ್ದರು.

ಎಲ್ಲಕ್ಕಿಂತ ಜೋಪಾನ ಮಾಡುತ್ತಿದ್ದದ್ದು 'ಮುಚ್ಚಿದ ಮನೆ'. ಉಳಿದವೆಲ್ಲ ಎಂದೋ ಬಾಯಿ ಬಿಟ್ಟುಕೊಂಡು ಖಾಲಿಯಾಗಿದ್ದವು. ಇದೊಂದರ ನಾಲ್ಕೂ ಕಡೆಯ ಕಲ್ಲು, ಮೇಲಿನ ಚಪ್ಪಡಿ ಯಾರೂ ಅಲುಗಿಸದೆ ಇದ್ದ ಹಾಗೇ ಇದ್ದವು. ಅದು ಬಸರಿ ಗಿಡದ ಹಿಂದೆ, ಮುಳ್ಳುಕಂಟಿಯೊಳಗೆ ಹುದುಗಿತ್ತು. ಮಂದಿಗೆ ಹೇಳುವ ಗುರುತು ಮಾತ್ರ ದೊಣೆಯ ಆಚೆ. ದೊಣೆ ಎಂದರೆ ಬಂಡೆಯ ಮೇಲೆ ಮಳೆನೀರು ನಿಲ್ಲುವ ತಗ್ಗು. ಅದರಾಚೆ ಒಡೆದ ಚಪ್ಪಡಿಗಳ ಒಂದು ರಾಶಿ ಇತ್ತು. ನೋಡಿದವರು, "ಯಾರೋ ಮೊದಲ ತೆಗದಬಿಟ್ಟಾರ" ಎಂದು ಹಣೆ ಬಡಿದುಕೊಂಡು ಹೋಗುತ್ತಿದ್ದರು.

ತೊಂಬತ್ತೇಳನೆಯ ಇಸವಿಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಹಳೆಯ ಸಮಾಧಿಗಳ ಸಂಶೋಧನೆ ಮಾಡುವ ಒಬ್ಬರು ಮೇಡಂ ಟೇಪು, ಕ್ಯಾಮೆರಾ, ಕೆಂಪು ಬಿಳಿ ಬಣ್ಣ ಬಳಿದ ಒಂದು ಕೋಲು ತೆಗೆದುಕೊಂಡು ಗುಡ್ಡಕ್ಕೆ ಬಂದರು. ಅಪ್ಪ ಅವರಿಗೂ ಎಲ್ಲ ಮಂದಿಯ ಗುರುತೇ ಹೇಳಿದ. ಮುಚ್ಚಿದ ಮನೆಯ ಸುದ್ದಿ ಮಾತ್ರ ಎತ್ತಲೇ ಇಲ್ಲ. ಅವರು ಪಾಪ, ಎಲ್ಲವನ್ನೂ ಬರೆದುಕೊಂಡರು.

ಅದೇ ವರ್ಷ ನನ್ನ ಸಾಲಿ ಬಿಡಿಸಿದರು. ಅವ್ವ ಕಾಲುವೆ ಕೆಳಗಿನ ಗದ್ದೆಗಳಿಗೆ ಭತ್ತದ ನೆಟ್ಟಿ ಹಚ್ಚಲು ಹೋಗುತ್ತಿದ್ದಳು. ತಮ್ಮನಿಗೆ ನಾಲ್ಕು ವರ್ಷ, ನೋಡಿಕೊಳ್ಳುವವರು ಬೇಕಾಗಿತ್ತು. ಮಾಸ್ತರು ಒಂದು ಸಲ ಮನೆಗೆ ಬಂದು ಹೇಳಿ ನೋಡಿದರು. ಅವ್ವ, "ಆಕಿ ಓದಿ ಯಾರ ಮನಿ ಬೆಳಗಬೇಕ್ರಿ? ಇಂವ ಓದತಾನ ಬಿಡ್ರಿ" ಎಂದಳು. ಇಂವ ಎಂದದ್ದು ನನ್ನ ಕಂಕುಳಲ್ಲಿ ಕೂತು ನನ್ನ ಜಡೆ ಜಗ್ಗುತ್ತಿದ್ದ ತಮ್ಮನಿಗೆ. ಎರಡು ವರ್ಷ ನಾನು ಅವನನ್ನು ಹೊತ್ತು ಗುಡ್ಡ ಹತ್ತಿದೆ. ದಾರಿಯುದ್ದಕ್ಕೂ ಕಲ್ಲುಗಳ ಹೆಸರು ಹೇಳಿಕೊಟ್ಟೆ. ಅವನು ಜಾಣ, ಒಂದು ಸಲ ಕೇಳಿದರೆ ಸಾಕು. ಒಂದೊಂದಕ್ಕೂ ಮನೆಯ ಗುರುತು, ಮಂದಿಯ ಗುರುತು ಎರಡನ್ನೂ ಪಟಪಟ ಹೇಳುತ್ತಿದ್ದ.

ಅವನನ್ನು ಸಾಲಿಗೆ ಹಾಕಿದ ದಿನ ಅವ್ವ ನನ್ನ ಪಾಟಿ ತೆಗೆದು, ಒರೆಸಿ, ಅವನ ಕೈಗೆ ಕೊಟ್ಟಳು. ನನ್ನನ್ನು ಕೇಳಲೂ ಇಲ್ಲ. ಸಂಜೆ ಅವನು ಅದರ ಮೇಲೆ ಗೆರೆ ಎಳೆಯುತ್ತಾ, "ಯಕ್ಕಾ, ಮುಚ್ಚಿದ ಮನಿ ಗುರುತೊಂದು ಹೇಳಿಲ್ಲ ನೀ" ಎಂದ. ಹೇಳಿರಲಿಲ್ಲ, ನಿಜ. ಅದು ಎಲ್ಲಕ್ಕಿಂತ ದೊಡ್ಡದೆಂದು ಕೊನೆಗೆ ಇಟ್ಟಿದ್ದೆ.

"ದೊಣಿ ಆಚೆ ಕಲ್ಲಿನ ರಾಶಿ ಐತಲ್ಲ, ಅದ ಮನಿ ಗುರುತು" ಎಂದೆ. "ಬಸರಿ ಗಿಡದ ಹಿಂದ ಅನ್ನೂದು ಮಂದಿಗೆ. ಅಲ್ಲಿ ಏನೂ ಇಲ್ಲ, ಕರಡಿ ಇರತೈತಿ. ಹೋಗಬ್ಯಾಡ. ಅಪ್ಪ ಹೇಳ್ಯಾನ."

ಸಾಲಿ ನಿನಗಿರಲಿ, ಇದೊಂದು ನನಗಿರಲಿ ಎಂದುಕೊಂಡೆ. ಹನ್ನೆರಡು ವರ್ಷದ ಹುಡುಗಿಯ ಸಣ್ಣ ಬುದ್ಧಿ ಎಂದು ಯಾರಾದರೂ ಅನ್ನಬಹುದು. ಆದರೆ ಮುಂದೆ ದೊಡ್ಡವಳಾದ ಮೇಲೂ ನಾನು ಅದನ್ನು ತಿದ್ದಲಿಲ್ಲ. ಅಪ್ಪ ಮರುವರ್ಷ ಜ್ವರ ಬಂದು ಹೋಗಿಬಿಟ್ಟ. ಖರೆ ಗುರುತು ನನ್ನ ಹತ್ತಿರ ಮಾತ್ರ ಉಳಿಯಿತು.

ತಮ್ಮ ಕುಷ್ಟಗಿಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದ, ಕೊಪ್ಪಳದಲ್ಲಿ ಕಾಲೇಜು ಮುಗಿಸಿದ, ಇತಿಹಾಸದಲ್ಲಿ ಎಂ.ಎ. ಮಾಡಿದ. ನನ್ನನ್ನು ಗಿಣಿಗೇರಾಕ್ಕೆ ಕೊಟ್ಟರು. ಗಂಡ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ನಾನು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ತಮ್ಮ ಕಾಲೇಜಿನಲ್ಲಿದ್ದಾಗ ಒಂದು ನೋಟುಬುಕ್ಕು ಹಿಡಿದು ಬಂದು ನನ್ನ ಒಲೆಯ ಮುಂದೆ ಕೂತು ಎಲ್ಲ ಹೆಸರುಗಳನ್ನು ಮತ್ತೊಮ್ಮೆ ಹೇಳಿಸಿಕೊಂಡ. ನಾನು ರೊಟ್ಟಿ ಬಡಿಯುತ್ತಾ ಹೇಳಿದೆ. ಆ ನೋಟುಬುಕ್ಕನ್ನು ಅವನು ಮೇಡಮ್ಮರಿಗೆ ಒಯ್ದು ತೋರಿಸಿದ. ಅವರು ಅಪ್ಪ ಹೇಳಿದ ಸುಳ್ಳು ಗುರುತುಗಳನ್ನೆಲ್ಲ ತಿದ್ದಿಕೊಂಡು, ಬಹಳ ನಕ್ಕು, ಅವನನ್ನು ತಮ್ಮ ಕೆಲಸಕ್ಕೆ ತೆಗೆದುಕೊಂಡರು.

ಅವರು ಆ ಗುಡ್ಡದ ಬಗ್ಗೆ ಒಂದು ವೆಬ್‌ಸೈಟು ಮಾಡಿದರು. ಎಲ್ಲ ಸಮಾಧಿಗಳ ಚಿತ್ರ, ಅಳತೆ, ಹೆಸರು, ಮ್ಯಾಪು. ಮಂದಿಗೆ ತೆರೆಯುವ ಮೊದಲು ಅದನ್ನು ಪರೀಕ್ಷೆ ಮಾಡಬೇಕಿತ್ತಂತೆ. ಒಂದು ರವಿವಾರ ಮುಂಜಾನೆ ತಮ್ಮ ನಮ್ಮ ಮನೆಗೆ ಬಂದ.

"ಯಕ್ಕಾ, ನಿನ್ನ ಫೋನ್ ತಗೊಂಬಾ. ಒಂದು ಕೆಲಸ ಐತಿ."

"ರೊಟ್ಟಿ ಕೊಡೂದೈತಿ. ನಿನ್ನ ಕೆಲಸಕ್ಕ ಓದಿದಾವ್ರು ಸಿಗಲಿಲ್ಲೇನು?"

"ಓದಿದಾವ್ರು ಎಲ್ಲಾರೂ ನೋಡ್ಯಾರ. ಈಗ ನಮಗ ಏನೂ ಗೊತ್ತಿಲ್ಲದಾವ್ರು ಬೇಕು. ಅದಕ್ಕ ನಿನ್ನ ಕಡೆ ಬಂದೆ."

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ನಕ್ಕು, "ಏನೂ ಗೊತ್ತಿಲ್ಲಾಂದ್ರ ನಮ್ಮಾಕಿ ಫಸ್ಟ್ ಕ್ಲಾಸಿನ್ಯಾಗ ಪಾಸ್ ಬಿಡ್ರಿ" ಎಂದರು. ನಾನೂ ನಕ್ಕೆ. ಕೈ ತೊಳೆದುಕೊಂಡು ಬಂದು ಕೂತೆ.

ಆ ಪರೀಕ್ಷೆಗೆ ಒಂದು ರೀತಿ ಇತ್ತು. ಅವನ ಹತ್ತಿರ ಒಂದು ಹಾಳೆ, ಅದರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ. ಬಂಡೆಯ ಮೇಲೆ ಬರೆದ ಜಿಂಕೆಯ ಚಿತ್ರ ಹುಡುಕು, ಅದನ್ನು ದೊಡ್ಡದು ಮಾಡು, ಕನ್ನಡಕ್ಕೆ ಬದಲಿಸು, ಹೀಗೆ. ಅವನು ಸಹಾಯ ಮಾಡುವಂತಿಲ್ಲ. ನಾನು ಎಲ್ಲಿ ತಡವರಿಸುತ್ತೇನೆ ಎಂದು ಹಿಂದೆ ಕೂತು ಬರೆದುಕೊಳ್ಳಬೇಕು.

"ಮತ್ತ ಇನ್ನೊಂದು" ಎಂದ. "ಮನಸಿನ್ಯಾಗ ಏನು ಬರತೈತಿ ಎಲ್ಲಾ ಬಾಯಿಬಿಟ್ಟು ಹೇಳ್ಕೋತ ಹೋಗಬೇಕು. ಸುಮ್ಮನಿರಬಾರದು. ನೀ ಅಂದದ್ದೆಲ್ಲಾ ನಮಗ ಉಪಯೋಗ ಆಕ್ಕೈತಿ."

"ಬೈಗುಳಾನೂ?"

"ಬೈಗುಳಾನೂ ಬರಕೋತೀನಿ."

ಮೊದಲು ಒತ್ತಿದ್ದಕ್ಕೇ ಪುಟವೆಲ್ಲ ಇಂಗ್ಲಿಷಿಗೆ ತಿರುಗಿತು. "ಇದೇನು, ನನ್ನ ನೋಡಿ ಭಾಷಾ ಬದಲ ಮಾಡ್ತು" ಎಂದೆ. ಬರೆದುಕೊಂಡ. ಜಿಂಕೆ ಹುಡುಕಲು ಹೋಗಿ ಎಲ್ಲೋ ಮಡಕೆಯ ಚೂರುಗಳ ಪಟ್ಟಿಗೆ ಹೋಗಿ ಸಿಕ್ಕಿಕೊಂಡೆ. "ಹೊರಗ ಬರೂ ದಾರಿನ ಇಲ್ಲಲ್ಲೋ, ಉಗ್ರಾಣದಾಗ ಕೀಲಿ ಹಾಕಿದಂಗ ಆತು" ಎಂದೆ. ಅದನ್ನೂ ಬರೆದುಕೊಂಡು, "ಭಾಳ ಛಲೋ ಮಾತು ಯಕ್ಕಾ" ಎಂದ. ನನ್ನ ತಪ್ಪುಗಳು ಅವನ ಹಾಳೆಯಲ್ಲಿ ಸಾಲುಸಾಲಾಗಿ ತುಂಬುತ್ತಿದ್ದವು. ಸಾಲಿಯಲ್ಲಿ ಮುಂದುವರಿದಿದ್ದರೆ ನಾನೇ ಪೆನ್ನು ಹಿಡಿದು ಕೂರುತ್ತಿದ್ದೆನೇನೋ ಎಂದು ಅನ್ನಿಸಿತು. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಆರನೆಯ ಕೆಲಸ: 'ಸ್ಥಳನಾಮಗಳು' ಎಂಬ ಪುಟ ತೆರೆಯುವುದು. ತೆರೆದೆ. ಎಲ್ಲವೂ ಅಲ್ಲಿದ್ದವು. ಆನೆಕಿವಿ, ಅತ್ತೆಯ ತೊಡೆ, ಕುರುಡಿ ಬಂಡೆ, ಮೂಗಬಸವನ ನೆರಳು. ಅಪ್ಪ ನನ್ನ ಕೈಹಿಡಿದು ತೋರಿಸಿದ ಹೆಸರುಗಳು. ಮೇಲೆ ದಪ್ಪ ಅಕ್ಷರದಲ್ಲಿ ಸಂಗ್ರಹಿಸಿದವರು ಎಂದು ತಮ್ಮನ ಹೆಸರು, ಪಕ್ಕದಲ್ಲಿ ಕೋಟು ಹಾಕಿಕೊಂಡ ಅವನ ಫೋಟೋ. ಬೆರಳಿನಿಂದ ಕೆಳಗೆ ಕೆಳಗೆ ಸರಿಸಿದೆ. ಅಪ್ಪನ ಬಗ್ಗೆ ಎರಡು ಸಾಲು ಇತ್ತು. ನನ್ನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

"ಏನು ಅನಸ್ತೈತಿ ಹೇಳು" ಎಂದ ಹಿಂದಿನಿಂದ.

"ನಿನ್ನ ಫೋಟೋ ಛಲೋ ಬಂದೈತಿ" ಎಂದೆ.

ಅವನು ಅದನ್ನೂ ಬರೆದುಕೊಂಡ.

ಕೊನೆಯ ಕೆಲಸ ಮ್ಯಾಪು. ಅದನ್ನು ತೆರೆಯುವ ಮೊದಲು ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಸಮಾಧಿ ಎಲ್ಲೆಲ್ಲಿ ಅದಾವು ಅಂತ ಮಂದಿಗೆ ಖರೇ ತೋರಿಸಿದ್ರ ನಿಧಿ ಕಳ್ಳರಿಗೆ ನಾವ ದಾರಿ ಹೇಳಿದಂಗ ಆಕ್ಕೈತಿ. ಅದಕ್ಕ ಅಪ್ಪನ ಉಪಾಯನ ಹಾಕೀವಿ ಯಕ್ಕಾ. ಮನಿ ಗುರುತು ಒಳಗ ಕೀಲಿ ಹಾಕಿ ಇಟ್ಟೀವಿ, ಸಂಶೋಧನಾ ಮಾಡೋರಿಗೆ ಅಷ್ಟ. ಹೊರಗಿನಾವ್ರಿಗೆ ಕಾಣೂದು ಮಂದಿ ಗುರುತು. ಮೇಡಂ ಕೇಳಿ ಎದ್ದು ನಿಂತು ಚಪ್ಪಾಳಿ ಹೊಡೆದ್ರು."

ನಾನು ಮ್ಯಾಪು ಒತ್ತಿದೆ. ನಮ್ಮ ಗುಡ್ಡ ಹದ್ದಿನ ಕಣ್ಣಿಗೆ ಕಾಣುವ ಹಾಗೆ ಕಂಡಿತು. ಹೆಸರು ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತಿತ್ತು. ಒಂದೊಂದೇ ಒತ್ತಿದೆ. ಎಲ್ಲವೂ ಮಂದಿಯ ಗುರುತಿನ ಮೇಲೇ ಬಿದ್ದವು. ಮುಚ್ಚಿದ ಮನೆ ಒತ್ತಿದೆ. ದೊಣೆಯ ಆಚೆ ಏನೂ ಬೀಳಲಿಲ್ಲ. ಬಸರಿ ಗಿಡದ ಹಿಂದೆ, ಕಂಟಿಯ ನಟ್ಟನಡುವೆ ಚುಕ್ಕೆ ಬಿತ್ತು.

ನಾನು ಚಿಕ್ಕಂದಿನಲ್ಲಿ ಹೇಳಿದ ಸುಳ್ಳು ಅಲ್ಲಿಗೆ ಬಂದು ಕೂತಿತ್ತು. ಅವನು ಸುಳ್ಳನ್ನು ಖರೆ ಎಂದು ನಂಬಿ ಒಳಗೆ ಕೀಲಿ ಹಾಕಿದ್ದ, ಖರೆಯನ್ನು ಸುಳ್ಳೆಂದು ತಿಳಿದು ಲೋಕಕ್ಕೆ ತೆರೆದಿದ್ದ. ಓದಿದವರು ಎಷ್ಟು ಮಂದಿ ನೋಡಿದರೂ ಅದು ಅವರಿಗೆ ಕಾಣುವಂಥದ್ದಲ್ಲ. ಅವರೆಲ್ಲ ದೊಣೆಯ ಆಚೆಯ ರಾಶಿಯನ್ನೇ ಅಳೆದು ಬಂದಿದ್ದರು. ಆ ತಪ್ಪು ಕಾಣುವ ಕಣ್ಣು ಭೂಮಿಯ ಮೇಲೆ ನನ್ನದೊಂದೇ.

"ಸುಮ್ಮನ್ಯಾಕ ಆದಿ? ಏನರ ತಪ್ಪು ಕಂಡ್ರ ಹೇಳು."

ಏನೂ ಗೊತ್ತಿಲ್ಲದವಳು ಬೇಕು ಎಂದು ಬಂದಿದ್ದೆಯಲ್ಲ, ತಗೋ ಎಂದು ಮನಸ್ಸಿನಲ್ಲಿ ಅಂದೆ. "ಎಲ್ಲಾ ಸರಿ ಐತಿ" ಎಂದು ಬಾಯಲ್ಲಿ ಹೇಳಿದೆ. ಅವನು ಆ ಸಾಲಿನ ಮುಂದೆ ಸರಿ ಎಂದು ಗುರುತು ಹಾಕಿ, ಎರಡು ರೊಟ್ಟಿ, ಪುಂಡಿಪಲ್ಲೆ ಉಂಡು, ನನ್ನನ್ನು ಹೊಗಳಿ ಹೋದ.

ನಿಧಿ ಕಳ್ಳರ ನೆನಪು ಆಗ ನನಗೆ ಬರಲಿಲ್ಲ ಎಂದು ಬರೆಯಬಹುದಾಗಿತ್ತು. ಬಂದಿತ್ತು. ಅವನೇ ಆಗಷ್ಟೇ ಹೇಳಿದ್ದನಲ್ಲ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವನು ಮೇಡಮ್ಮರ ಎದುರು ತಲೆ ತಗ್ಗಿಸಿ ನಿಂತಿರುವ ಚಿತ್ರ. ಅದು ಎಷ್ಟು ರುಚಿಯಾಗಿತ್ತೆಂದರೆ ಆ ವಾರವೆಲ್ಲ ರೊಟ್ಟಿ ಬಡಿಯುವಾಗ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ.

ವೆಬ್‌ಸೈಟು ತೆರೆಯುವ ಸಮಾರಂಭ ಕೊಪ್ಪಳದಲ್ಲಿ ನಡೆಯಿತು. ಯಲಬುರ್ಗಾದಿಂದ ನಮ್ಮ ಸೋದರಮಾವನ ಮನೆಯವರೆಲ್ಲ ಬಂದಿದ್ದರು. ತಮ್ಮನಿಗೆ ಶಾಲು ಹೊದಿಸಿದರು. ಅವನು ಮೈಕು ಹಿಡಿದು, "ಈ ಗುಡ್ಡಾನ ನನಗ ಕಲಿಸಿದಾವ ನಮ್ಮಪ್ಪ" ಎಂದ. ಮಂದಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಅತ್ತೆ, "ನಿನ್ನ ತಮ್ಮ ಕುಲಾ ಬೆಳಗಿದ ನೋಡವಾ" ಎಂದು ಕಣ್ಣೊರೆಸಿಕೊಂಡಳು. ಅಪ್ಪ ಹೋದಾಗ ಅವನಿಗೆ ಏಳು ವರ್ಷ. ಅವನನ್ನು ಹೊತ್ತು ನನ್ನ ಸೊಂಟ ಎಷ್ಟು ಸವೆದಿತ್ತೆಂದು ಆ ಮೈಕಿನಲ್ಲಿ ಯಾರೂ ಹೇಳಲಿಲ್ಲ. ನಾನು ಜಿಲೇಬಿ ತಿನ್ನುತ್ತಾ, ಹೊದ್ದುಕೋ, ಆ ಶಾಲು ಎಷ್ಟು ದಿನ ಇರುತ್ತದೋ ನೋಡೋಣ ಎಂದುಕೊಂಡೆ.

ಬಹಳ ದಿನ ಇರಲಿಲ್ಲ. ಕಾರಹುಣ್ಣಿಮೆ ಮುಗಿದ ಮೇಲೆ ಒಂದು ಮುಂಜಾನೆ ಆಡು ಕಾಯುವವರು ಗುಡ್ಡ ಹತ್ತಿ ನೋಡಿದಾಗ ಬಸರಿ ಗಿಡದ ಹಿಂದಿನ ಕಂಟಿಯನ್ನು ಯಾರೋ ಕಡಿದುಹಾಕಿದ್ದರು. ಚಪ್ಪಡಿ ಎರಡು ತುಂಡು. ಒಳಗೆ ಆಳುದ್ದ ಅಗೆದ ಕುಣಿ, ಸುತ್ತ ನಿಂಬೆಹಣ್ಣು, ಕುಂಕುಮ. ಬಂಗಾರ ಸಿಗದ ಸಿಟ್ಟಿಗೆ ಒಳಗಿದ್ದ ಕಪ್ಪು ಕೆಂಪು ಗಡಿಗೆಗಳನ್ನೆಲ್ಲ ಬಂಡೆಗೆ ಬಡಿದು ಪುಡಿ ಮಾಡಿದ್ದರು. ಯಾರ ಕೆಲಸವೆಂದು ಈವರೆಗೂ ಗೊತ್ತಾಗಿಲ್ಲ.

ಹಾಗೆ ಇಡಿಯಾಗಿ ಉಳಿದಿದ್ದದ್ದು ಆ ಗುಡ್ಡದಲ್ಲಿ ಅದೊಂದೇ ಎಂದು ಮೇಡಂ ಕುಣಿಯ ಅಂಚಿನಲ್ಲಿ ಕೂತು ಅತ್ತರಂತೆ. ಅವರ ಜೀವಮಾನದ ಕೆಲಸ ಅಲ್ಲೇ ಇತ್ತು, ಅವರಿಗೇ ಗೊತ್ತಿರಲಿಲ್ಲ. ಗುರುತು ಬಯಲಾದದ್ದು ವೆಬ್‌ಸೈಟಿನಿಂದ, ವೆಬ್‌ಸೈಟಿಗೆ ಗುರುತು ಕೊಟ್ಟವನು ನನ್ನ ತಮ್ಮ. ಮ್ಯಾಪು ತೆಗೆದುಹಾಕಿದರು. ಅವನನ್ನೂ ಕೆಲಸದಿಂದ ತೆಗೆದರು. ಅವನೇ ನಿಧಿಯವರಿಗೆ ಹೇಳಿಕೊಟ್ಟಿರಬೇಕು ಎಂದು ಊರಲ್ಲಿ ಕೆಲವರು ಆಡಿಕೊಂಡರು.

ಸುದ್ದಿ ಬಂದ ದಿನ ನಾನು ಖುಷಿಪಟ್ಟೆ. ಒಂದು ದಿನ ಪೂರ್ತಿ. ಎರಡನೆಯ ದಿನ ಗಂಡ ಕೆಲಸದಿಂದ ಬಂದು, "ಗುಡ್ಡದ ಮ್ಯಾಲ ಒಬ್ಬನ ಕುಂತು ಸಾಣಿಗಿ ಹಿಡಿದು ಮಣ್ಣು ಜರಡಿ ಹಿಡೀತಾನಂತ ನಿನ್ನ ತಮ್ಮ. ಗಡಿಗಿ ಚೂರು ಆರಿಸಾಕತ್ಯಾನಂತ. ಯಾರು ಕರದ್ರೂ ಏಳವಲ್ಲ" ಎಂದರು. ಆಗಲೂ ನಾನು, ಆರಿಸಲಿ ಬಿಡು ಎಂದೆ. ಬಾಯಿ ಹಾಗೆ ಅಂದಿತು. ಹಿಟ್ಟು ನಾದುವ ಕೈ ಮಾತ್ರ ನಿಂತುಬಿಟ್ಟಿತ್ತು.

ತಿಂಗಳ ಮೇಲೆ ಅವನು ಮನೆಗೆ ಬಂದ. ಗಡ್ಡ ಬೆಳೆದಿತ್ತು, ಉಗುರಲ್ಲಿ ಕೆಂಪು ಮಣ್ಣು. ರೊಟ್ಟಿ ಕೊಟ್ಟರೆ ಮುಟ್ಟಲಿಲ್ಲ. ನನ್ನ ಮೇಲೆ ಸಂಶಯವೇನಾದರೂ ಬಂದಿದೆಯೇ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಇರಲಿಲ್ಲ. ಅವನು ಬೇರೆಯವರನ್ನು ಹಿಡಿದುಕೊಂಡಿದ್ದ.

"ಯಕ್ಕಾ, ಅಪ್ಪ ನಿನ್ನ ಬಾಯಿಲೆ ನನಗ ಮಂದಿ ಗುರುತು ಹೇಳಿಸಿಬಿಟ್ಟಾನ" ಎಂದ. "ಎಲ್ಲಾದೂ ಖರೆ ಹೇಳಿ ಅದೊಂದರಾಗ ನನಗೂ ಸುಳ್ಳು ಹೇಳ್ಯಾನ. ನಾ ಅಂವಗ ಹೊರಗಿನಾವ ಆಗಿದ್ನೇನು?"

ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.

"ನಿನಗೂ ಹಂಗ ಹೇಳಿದ್ನ ಹೌದಿಲ್ಲೋ? ನಮ್ಮಿಬ್ಬರನ್ನೂ ನಂಬಲಿಲ್ಲ. ಬೀಡಿ ಕೊಟ್ಟ ಕಳ್ಳರೂ ಒಂದ, ಹೊಟ್ಟ್ಯಾಗ ಹುಟ್ಟಿದ ಮಕ್ಕಳೂ ಒಂದ ಅಂವಗ. ಈ ಸಲ ಮಾನೌಮಿ ಅಮಾಸಿಗೆ ನಾ ಅಪ್ಪನ ಹೆಸರಿಲೆ ಎಡಿ ಹಿಡಿಯೂದಿಲ್ಲ. ಅವ್ವಗ ನೀನ ಹೇಳಿಬಿಡು. ಅಂವ ನನಗ ಅಪ್ಪ ಅಲ್ಲ."

ಅವನು ಬೀಳಲಿ ಎಂದು ನಾನು ಬಯಸಿದ್ದೆ. ಅಪ್ಪನನ್ನು ಬೀಳಿಸುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೀ ದೊಡ್ಡಾಂವ ಆಗು, ಮುಚ್ಚಿದ ಮನಿ ನಾನ ತೋರಿಸ್ತೀನಿ" ಎನ್ನುತ್ತಿದ್ದವನು ಅಪ್ಪ. ನಾನು ಒಲೆಯ ಬೆಂಕಿ ಹಿಂದಕ್ಕೆ ಎಳೆದೆ. ಅಷ್ಟರಲ್ಲಿ ಅವನು ಎದ್ದು ಬಾಗಿಲವರೆಗೆ ಹೋಗಿಬಿಟ್ಟ.

"ಕುಂದರು" ಎಂದೆ. "ಅಪ್ಪ ನಿನಗ ಸುಳ್ಳು ಹೇಳಿಲ್ಲ. ಅಪ್ಪ ಹೇಳ್ಯಾನ ಅಂತ ಸುಳ್ಳು ಹೇಳಿದಾಕಿ ನಾ."

ಅವನು ತಿರುಗಿ ನಿಂತ. "ಏನಂದಿ?"

"ಅವ್ವ ನನ್ನ ಪಾಟಿ ನಿನಗ ಕೊಟ್ಟ ದಿನ ಹೇಳಿದೆ. ಬಸರಿ ಗಿಡದ ಹಿಂದಿಂದು ಖರೆ ಇತ್ತು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಆಮೇಲೆ ಬಹಳ ಮೆಲ್ಲಗೆ ಕೇಳಿದ: "ಸಣ್ಣಾಕಿ ಇದ್ದಿ, ಹೇಳಿದಿ. ಅವತ್ತು ಫೋನಿನ್ಯಾಗ ಚುಕ್ಕಿ ಬಿದ್ದಾಗ ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾತು."

"ನಾ ಕೇಳಿದೆ ನಿನ್ನ."

"ಕೇಳಿದಿ. ನೀ ಬೀಳಲಿ ಅಂತ ಸುಮ್ಮನಿದ್ದೆ."

ಅವನು ಬೈದಿದ್ದರೆ ನಾನೂ ಬೈಯುತ್ತಿದ್ದೆ. ನನ್ನ ಹತ್ತಿರ ಬೈಗುಳಕ್ಕೆ ಕಡಿಮೆ ಇರಲಿಲ್ಲ. ಅವನು ಉಗುರಲ್ಲಿದ್ದ ಮಣ್ಣನ್ನು ನೋಡುತ್ತಾ ನಿಂತಿದ್ದ. ನಾನು ಅಲ್ಲಿಯವರೆಗೆ ಬದುಕಿನಲ್ಲಿ ಯಾರಿಗೂ ಹೇಳಿರದ ಮಾತನ್ನು ಹೇಳಿದೆ.

"ತಪ್ಪಾತು, ತಮ್ಮಾ. ಹನ್ನೆರಡು ವರ್ಷದಾಕಿ ಮಾಡಿದ್ದಲ್ಲ, ಮೊನ್ನೆ ಈ ಮನಿಯಾಗ ಕುಂತು ಮಾಡಿದ್ದು, ಅದು ತಪ್ಪಾತು. ನಾಳೆ ಮೇಡಂ ಮುಂದ ಬಂದು ನಾನ ಹೇಳ್ತೀನಿ. ನೀ ನನ್ನ ಕೂಡ ಮಾತಾಡಬ್ಯಾಡ ಬೇಕಾದ್ರ. ಅಪ್ಪಗ ಎಡಿ ಮಾತ್ರ ಹಿಡಿಯೋ. ತಪ್ಪಾತು."